ಕಾಫಿ ಮೂಟೆಯ ಕೋಣೆಯಲ್ಲಿ ಮೀನುಮರಿಗಳು

ಚಿಕ್ಕಮಗಳೂರಿನ ನಮ್ಮ ಮನೆಯಲ್ಲಿ ಕಾಫಿ ಮೂಟೆಗಳನ್ನು ಇಡುತ್ತಿದ್ದ ಹಿಂಬದಿಯ ಕೋಣೆಯನ್ನು ಮೀನು ಸಾಕಲು ತೆರವು ಮಾಡಿದಾಗ, ನಾನು ಮೊದಲು ಯೋಚಿಸಿದ್ದು ಭಾರದ ಬಗ್ಗೆ. ಒಂದು ಲೀಟರ್ ನೀರು ಒಂದು ಕಿಲೋ ತೂಗುವುದರಿಂದ 60 ಲೀಟರಿನ ಆರು ತೊಟ್ಟಿಗಳು, ಗಾಜಿನ ತೂಕ ಬಿಟ್ಟೇ, 360 ಕಿಲೋ ಆಗುತ್ತವೆ; ಆದ್ದರಿಂದ ಕಬ್ಬಿಣದ ಸ್ಟ್ಯಾಂಡನ್ನೇ ಮಾಡಿಸಿದೆ. ಮರಿಗಳನ್ನು ಒಳಗೆಳೆದುಕೊಳ್ಳದ ಸ್ಪಂಜ್ ಫಿಲ್ಟರುಗಳಿಗೆ ಒಂದೇ ಏರ್ ಪಂಪ್ ಸಾಕಾಯಿತು.

ನಾನು ಸಾಕುವ ಪಟ್ಟೆಪಟ್ಟೆಯ ಪುಟ್ಟ ಮೀನುಗಳಾದ ಜೀಬ್ರಾ ಡಾನಿಯೊಗಳು ತಾವಿಟ್ಟ ಮೊಟ್ಟೆಗಳನ್ನೇ ತಿನ್ನುತ್ತವೆ. ತಳದಲ್ಲಿ ಗೋಲಿಗಳನ್ನು ಹರಡಿ, ಸಂಜೆ ಜೋಡಿಯನ್ನು ಬಿಟ್ಟು, ಮುಂಜಾನೆ ಅವು ಮೊಟ್ಟೆಯಿಟ್ಟ ಕೂಡಲೇ ಹೊರತೆಗೆದರೆ, ಗೋಲಿಗಳ ಸಂದಿಗೆ ಜಾರಿದ ಮೊಟ್ಟೆಗಳು ಉಳಿಯುತ್ತವೆ. ನಮ್ಮೂರಿನ ಡಿಸೆಂಬರ್ ಚಳಿಯಲ್ಲಿ ಹೀಟರನ್ನು 26 ಡಿಗ್ರಿಗೆ ಇಡುತ್ತೇನೆ. ಮೂರನೆಯ ದಿನ, ಕೂದಲೆಳೆಯಂಥ ಮರಿಗಳು ಗಾಜಿಗೆ ಅಂಟಿಕೊಂಡಿರುವುದನ್ನು ಟಾರ್ಚ್ ಹಿಡಿದು ನೋಡುವಾಗ ನನಗೆ ಉಸಿರಾಡಲೂ ಭಯವಾಗುತ್ತದೆ.