ಅಷ್ಟು ಹಳೆಯ ಪುಸ್ತಕ ಇವತ್ತಿನ ಬದುಕಿಗೆ ಹೇಗೆ ಹೊಂದುತ್ತೆ?

ಭಾನುವಾರದ ಆರಾಧನೆ ಮುಗಿದ ಮೇಲೆ ಹುಡುಗರು ಸತ್ಯವೇದದ (ಬೈಬಲಿನ) ಬಗ್ಗೆ ಕೇಳುತ್ತಾರೆ. ಮೂಡಿಗೆರೆ ಸಂತೆಯಲ್ಲಿ ಸಿಕ್ಕ ಪರಿಚಯದವರೂ ಕೇಳುತ್ತಾರೆ. "ಎರಡು ಸಾವಿರ ವರ್ಷಕ್ಕಿಂತ ಹಳೆಯ ಮಾತುಗಳು, ಅದೂ ಎಲ್ಲೋ ದೂರದ ದೇಶದ್ದು. ಅದನ್ನು ಓದಿ ಇವತ್ತು ಚಿಕ್ಕಮಗಳೂರಲ್ಲಿ ಹೇಗೆ ಬದುಕಬೇಕು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?"

ಸತ್ಯವೇದ ಓದುವಾಗ ನಾನು ಎರಡು ವಿಷಯ ಕೇಳಿಕೊಳ್ಳುತ್ತೇನೆ. ಈ ಮಾತು ಮೊದಲು ಹೇಳಿದಾಗ ಅದು ಯಾರ ಪರವಾಗಿ ನಿಂತಿತ್ತು? ಇವತ್ತು ನನ್ನ ಸುತ್ತ ಆ ಜಾಗದಲ್ಲಿ ಯಾರಿದ್ದಾರೆ? ಇವೆರಡು ತಿಳಿದರೆ ಏನು ಮಾಡಬೇಕು ಅನ್ನೋದು ಹೆಚ್ಚು ಕಡಿಮೆ ತಿಳಿಯುತ್ತದೆ. ಮಾಡುವುದು ಕಷ್ಟ, ಅದು ಬೇರೆ ಮಾತು.

ನಮ್ಮದು ಸಣ್ಣ ಕಾಫಿ ತೋಟ. ಹಾಗಾಗಿ ಉದಾಹರಣೆಯೂ ಅಲ್ಲಿಯದೇ. ಯಾಜಕಕಾಂಡದ 19ನೇ ಅಧ್ಯಾಯದಲ್ಲಿ ಒಂದು ಕಟ್ಟಳೆ ಇದೆ. ಪೈರು ಕೊಯ್ಯುವಾಗ ಹೊಲದ ಅಂಚಿನ ತನಕ ಪೂರ್ತಿ ಕೊಯ್ಯಬೇಡಿ, ಹಕ್ಕಲು (ಕೊಯ್ದ ಮೇಲೆ ಹೊಲದಲ್ಲಿ ಉಳಿದ ತೆನೆ) ಆಯಬೇಡಿ, ದ್ರಾಕ್ಷಿ ತೋಟದಲ್ಲಿ ಉದುರಿದ ಹಣ್ಣನ್ನೂ ಎತ್ತಿಕೊಳ್ಳಬೇಡಿ. ಅದು ಬಡವರಿಗೆ, ಪರದೇಶಿಗಳಿಗೆ ಇರಲಿ. ರೂತಳ ಕಥೆ ನಿಂತಿರೋದೇ ಇದರ ಮೇಲೆ. ಗಂಡ ಸತ್ತ, ಮೋವಾಬ್ ಅನ್ನುವ ಪರನಾಡಿನ ಹೆಣ್ಣುಮಗಳು ಅತ್ತೆಯ ಜೊತೆ ಬೇತ್ಲೆಹೇಮಿಗೆ ಬಂದು, ಬೋವಜನ ಹೊಲದಲ್ಲಿ ಹಕ್ಕಲಾಯ್ದು ಇಬ್ಬರ ಹೊಟ್ಟೆ ಹೊರೆದಳು. ಸಿವುಡಿನಿಂದ ಬೇಕಂತಲೇ ಒಂದಿಷ್ಟು ತೆನೆ ಬೀಳಿಸಿ, ಅವಳನ್ನು ಗದರಬೇಡಿ ಅಂತ ಬೋವಜ ತನ್ನ ಆಳುಗಳಿಗೆ ಹೇಳಿದ್ದ.

ಈಗ ಇದನ್ನು ನಮ್ಮ ತೋಟದಲ್ಲಿ ಅಕ್ಷರಕ್ಕೆ ಅಕ್ಷರ ಪಾಲಿಸಿದರೆ ಬೆರ್ರಿ ಬೋರರ್ ಹುಳ ಗ್ಯಾರಂಟಿ. ಗಿಡದಲ್ಲಿ ಉಳಿದ ಹಣ್ಣು, ನೆಲಕ್ಕೆ ಬಿದ್ದ ಹಣ್ಣು, ಇವುಗಳ ಒಳಗೇ ಅದು ಉಳಿದುಕೊಂಡು ಮುಂದಿನ ಫಸಲಿಗೆ ಹತ್ತುತ್ತದೆ. ಒಂದು ಹಣ್ಣೂ ಬಿಡದೆ ಹೆಕ್ಕಿಸಿ ಅಂತ ಕಾಫಿ ಬೋರ್ಡಿನವರು ಹೇಳೋದು ಇದಕ್ಕೇ. ಹಾಗಾದರೆ ಆ ಕಟ್ಟಳೆ ನಮಗಲ್ಲ ಅಂತ ಪುಟ ತಿರುಗಿಸಬೇಕಾ?

ಬೇಡ. ಅದು ನಿಂತಿದ್ದು ಸ್ವಂತ ನೆಲ ಇಲ್ಲದವರ ಪರವಾಗಿ, ಬೇರೆ ಸೀಮೆಯಿಂದ ಬಂದವರ ಪರವಾಗಿ. ಇವತ್ತು ಆ ಜಾಗದಲ್ಲಿ ಇರುವವರು ಲೈನ್ ಮನೆಯಲ್ಲಿ, ಅಂದರೆ ತೋಟದ ಕೆಲಸದವರ ಸಾಲುಮನೆಯಲ್ಲಿ ಇದ್ದಾರೆ. ಕೊಯ್ಲಿಗೆ ಅಂತ ಅಸ್ಸಾಮಿನಿಂದ, ಉತ್ತರ ಕರ್ನಾಟಕದಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಸಂಸಾರಗಳು. ನಾವು ಉದುರಿದ ಹಣ್ಣನ್ನು ಹೆಕ್ಕಿಸುತ್ತೇವೆ. ಬಗ್ಗಿ ಒಂದೊಂದೇ ಹೆಕ್ಕುವ ಕೆಲಸಕ್ಕೆ ಕಿಲೋ ಲೆಕ್ಕ ಹಾಕಿದರೆ ಏನೂ ಗಿಟ್ಟುವುದಿಲ್ಲ. ಅದಕ್ಕೆ ಪೂರ್ತಿ ದಿನಗೂಲಿ ಕೊಡುತ್ತೇವೆ. ಆ ಹಣ್ಣನ್ನು ಬೇರೆಯಾಗಿ ಒಣಗಿಸಿ, ಮಾರಿ ಬಂದ ದುಡ್ಡನ್ನು ಹೆಕ್ಕಿದವರಿಗೇ ಹಂಚುತ್ತೇವೆ. ದೊಡ್ಡ ಮೊತ್ತ ಏನಲ್ಲ. ಆದರೆ ಅದನ್ನು ದಾನ ಅಂತ ನಾವು ಕರೆಯುವುದಿಲ್ಲ. ಆ ಕಟ್ಟಳೆಯಲ್ಲಿ ಒಡೆಯನ ದಯೆಯ ಮಾತೇ ಇಲ್ಲ. ಉದುರಿದ್ದು ಅವರ ಪಾಲು, ಅಷ್ಟೇ.

ತೂಕದ ವಿಷಯಕ್ಕೆ ಇಷ್ಟು ಯೋಚನೆಯೂ ಬೇಡ. ಚೀಲದಲ್ಲಿ ಎರಡು ಥರದ ತೂಕದ ಕಲ್ಲು ಇಟ್ಟುಕೊಳ್ಳಬೇಡಿ ಅಂತ ಧರ್ಮೋಪದೇಶಕಾಂಡದ 25ನೇ ಅಧ್ಯಾಯ ನೇರವಾಗಿ ಹೇಳುತ್ತದೆ. ಕೊಳ್ಳುವಾಗ ಒಂದು ಕಲ್ಲು, ಕೊಡುವಾಗ ಇನ್ನೊಂದು. ಈಗ ಕಲ್ಲು ಹೋಗಿ ಡಿಜಿಟಲ್ ತಕ್ಕಡಿ ಬಂದಿದೆ. ಸಂಜೆ ಕಣದ ಹತ್ತಿರ ಚೀಲಗಳು ಒಂದೊಂದಾಗಿ ತಕ್ಕಡಿ ಏರುತ್ತವೆ. ತಕ್ಕಡಿ 43.6 ತೋರಿಸುತ್ತದೆ, ಪುಸ್ತಕದಲ್ಲಿ 42 ಅಂತ ಬೀಳುತ್ತದೆ. ಕೇಳಿದರೆ ಚೀಲದ ತೂಕ, ಎಲೆ, ಕಡ್ಡಿ ಅನ್ನುತ್ತಾರೆ. ಪ್ಲಾಸ್ಟಿಕ್ ಚೀಲ ಕಾಲು ಕಿಲೋನೂ ತೂಗಲ್ಲ, ಅಲ್ವಾ? ಕೊಯ್ದವಳು ಅಂಕಿ ನೋಡಿರುತ್ತಾಳೆ. ಬಾಯಿ ಬಿಡುವುದಿಲ್ಲ. ಕನ್ನಡ ಬರಲ್ಲ, ನಾಳೆ ಕೆಲಸ ಬೇಕು. ಎಲ್ಲಾ ತೋಟದಲ್ಲೂ ಹೀಗೆ ಅಂತ ನಾನು ಹೇಳುತ್ತಿಲ್ಲ. ಆದರೆ ಹೀಗೆ ಬರೆಸುವವನು ಭಾನುವಾರ ಎಷ್ಟು ಜೋರಾಗಿ ಹಾಡಿದರೂ, ಆ ಒಂದೂವರೆ ಕಿಲೋ ದೇವರ ಲೆಕ್ಕದಲ್ಲಿ ಇದೆ ಅಂತ ನಾನು ಖಂಡಿತ ನಂಬುತ್ತೇನೆ.

ಕೂಲಿಯ ಬಗ್ಗೆಯೂ ಒಂದು ಮಾತಿದೆ. ಕೂಲಿಯವನ ದುಡ್ಡನ್ನು ಹೊತ್ತು ಮುಳುಗುವ ಮೊದಲೇ ಕೊಟ್ಟುಬಿಡಿ, ಅವನು ಬಡವ, ಅದನ್ನೇ ನಂಬಿಕೊಂಡಿದ್ದಾನೆ ಅಂತ ಅದೇ ಪುಸ್ತಕದ 24ನೇ ಅಧ್ಯಾಯ. ಹಾಗಾದರೆ ವಾರಕ್ಕೊಮ್ಮೆ ಬಟವಾಡೆ ಮಾಡೋದು ಪಾಪವಾ ಅಂತ ಒಬ್ಬ ಹುಡುಗ ಕೇಳಿದ. ಅಲ್ಲಪ್ಪ, ವಾರದ ಬಟವಾಡೆ ಇಬ್ಬರೂ ಒಪ್ಪಿದ ಪದ್ಧತಿ. ಆದರೆ ಮಂಗಳವಾರ ರಾತ್ರಿ ಮಗುವಿಗೆ ಜ್ವರ ಬಂದು ತಂದೆ ಬಾಗಿಲಿಗೆ ಬಂದರೆ, 'ಶನಿವಾರ ನೋಡೋಣ' ಅನ್ನುವ ಹಾಗಿಲ್ಲ. ಅವನು ದುಡಿದ ಎರಡು ದಿನದ ದುಡ್ಡು ಆಗಲೇ ಅವನದು.

"ಹೀಗೆ ನೋಡಿದರೆ ಯಾರು ಬೇಕಾದರೂ ತಮಗೆ ಬೇಕಾದ ಹಾಗೆ ಅರ್ಥ ಮಾಡ್ಕೋಬಹುದಲ್ಲ?" ಅಂತಲೂ ಕೇಳುತ್ತಾರೆ. ಹೌದು, ಆ ಅಪಾಯ ನಿಜವಾಗಿಯೂ ಇದೆ. ಮತ್ತಾಯನ ಸುವಾರ್ತೆಯಲ್ಲಿ ಸೈತಾನನೇ ಯೇಸುವಿಗೆ 91ನೇ ಕೀರ್ತನೆ ಹೇಳುತ್ತಾನೆ. ದೇವಾಲಯದ ತುದಿಯಿಂದ ಕೆಳಗೆ ಹಾರು, ದೂತರು ಎತ್ತಿ ಹಿಡಿಯುತ್ತಾರೆ ಅಂತ ಬರೆದಿದೆಯಲ್ಲ, ಅನ್ನುತ್ತಾನೆ. ಅಂದರೆ ಬಾಯಲ್ಲಿ ವಚನ ಇದ್ದ ಮಾತ್ರಕ್ಕೆ ಆಗಲಿಲ್ಲ. ಯೇಸು ಇನ್ನೊಂದು ವಚನ ಹೇಳಿ ಅದನ್ನು ತಡೆದ. ಆದ್ದರಿಂದ ಒಂದು ವಾಕ್ಯವನ್ನು ಉಳಿದ ವಾಕ್ಯಗಳ ಜೊತೆ ಇಟ್ಟು ನೋಡಬೇಕು. ನಾಲ್ಕು ಜನರ ಜೊತೆ ಕೂತು ಓದಬೇಕು, ಒಬ್ಬನೇ ಅಲ್ಲ. ನಾನು ಓದಿದ್ದೆಲ್ಲ ಪ್ರತಿ ಸಲ ನನಗೇ ಅನುಕೂಲವಾಗಿ, ಹೊರೆ ಮಾತ್ರ ಹೆಂಡತಿ ಮೇಲೋ, ಆಳುಗಳ ಮೇಲೋ, ಪಕ್ಕದ ಮನೆಯವರ ಮೇಲೋ ಬೀಳುತ್ತಿದ್ದರೆ ನಾನು ತಪ್ಪು ಓದುತ್ತಿದ್ದೇನೆ ಅಂತಲೇ ಅರ್ಥ.

ಹೊಸ ವರ್ಷಕ್ಕೆ ನಮ್ಮಲ್ಲಿ ವಾಗ್ದಾನದ ವಾಕ್ಯ ತೆಗೆದುಕೊಳ್ಳುವ ರೂಢಿ ಇದೆ. ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ, ಬರುವ ವರ್ಷಕ್ಕೆ ದೇವರ ಭರವಸೆ ಅಂತ ಒಂದೊಂದು ವಚನ ಬರೆದ ಚೀಟಿ ಎತ್ತುತ್ತೇವೆ. ಆ ರೂಢಿ ನನಗೂ ಇಷ್ಟ. ಆದರೆ ಯೆರೆಮೀಯ 29:11 ಬಂದವರ ಖುಷಿ ನೋಡಿದಾಗ, ಅದರ ಹಿಂದಿನ ಹತ್ತು ವಚನವನ್ನೂ ಓದಿ ಅಂತ ಹೇಳುತ್ತೇನೆ. ನಿಮ್ಮ ಬಗ್ಗೆ ನನಗಿರುವ ಯೋಚನೆ ಹಿತದ್ದು, ಕೇಡಿನದಲ್ಲ ಅಂತ ದೇವರು ಹೇಳುವ ಮಾತು ಅದು. ಹೇಳಿದ್ದು ಯಾರಿಗೆ? ಅರಸ ನೆಬೂಕದ್ನೆಚ್ಚರ್ ಯೆರೂಸಲೇಮಿನಿಂದ ಹಿಡಿದುಕೊಂಡು ಹೋಗಿ ಬಾಬೆಲಿನಲ್ಲಿ ಇಟ್ಟಿದ್ದ, ಊರು ಕಳೆದುಕೊಂಡ ಜನಕ್ಕೆ. ಎರಡೇ ವರ್ಷದಲ್ಲಿ ಎಲ್ಲಾ ಸರಿಹೋಗುತ್ತೆ ಅಂತ ಹನನ್ಯ ಅನ್ನುವ ಪ್ರವಾದಿ ಸುಳ್ಳು ಭರವಸೆ ಕೊಟ್ಟಿದ್ದ. ಪ್ರವಾದಿ ಯೆರೆಮೀಯ ಅವರಿಗೆ ಕಾಗದದಲ್ಲಿ ಬರೆದಿದ್ದು 70 ವರ್ಷ ಅಂತ. ಕಾಗದ ಓದಿಸಿಕೊಂಡವರಲ್ಲಿ ಜಾಸ್ತಿ ಜನ ಅಷ್ಟು ದಿನ ಬದುಕುವವರಲ್ಲ. ಅವರಿಗೆ ಹೇಳಿದ ಕೆಲಸ: ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿ, ಆ ಪಟ್ಟಣದ ಒಳಿತಿಗಾಗಿ ಪ್ರಾರ್ಥಿಸಿ. ಅದರ ಒಳಿತಿನಲ್ಲೇ ನಿಮ್ಮ ಒಳಿತೂ ಇದೆ.

ಹಾಸನದ ಹತ್ತಿರ ಶೆಟ್ಟಿಹಳ್ಳಿಯ ಹಳೆಯ ಚರ್ಚ್ ನೋಡಲು ಎಷ್ಟೊಂದು ಜನ ಹೋಗುತ್ತಾರೆ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಹಿನ್ನೀರು ಅಲ್ಲಿಯವರೆಗೂ ಬಂತು. ಈಗ ಮಳೆಗಾಲದಲ್ಲಿ ಚರ್ಚ್ ನೀರಿನಲ್ಲಿ ನಿಂತಿರುತ್ತದೆ. ಎಲ್ಲರೂ ಫೋಟೊ ತೆಗೆಯುತ್ತಾರೆ. ನನಗೆ ಅಲ್ಲಿ ನೆನಪಾಗೋದು ಗೋಡೆಯಲ್ಲ, ಗಂಟು ಕಟ್ಟಿಕೊಂಡು ಎದ್ದುಹೋದ ಜನ. ಬೇರೆ ಕಡೆ ಹೋಗಿ ಮತ್ತೆ ಸೂರು ಕಟ್ಟಿ, ಮತ್ತೆ ಹೊಲ ಹಸನು ಮಾಡಿದವರಿಗೆ ಆ ಕಾಗದ ಯಾರೂ ವಿವರಿಸಬೇಕಾಗಿಲ್ಲ. ಬೆಂಗಳೂರಿನ ಪಿಜಿಯಲ್ಲಿ ಇರುವ ನಮ್ಮ ಮಕ್ಕಳಿಗೆ ಮಾತ್ರ ನಾನು ಹೇಳುತ್ತಲೇ ಇರುತ್ತೇನೆ. ಪ್ರಮೋಷನ್ ಬಂದಾಗ ಆ ವಾಕ್ಯ ಸ್ಟೇಟಸ್‌ಗೆ ಹಾಕಿ, ಬೇಡ ಅನ್ನಲ್ಲ. ಜೊತೆಗೆ, ಇರುವ ಬೀದಿಗೆ ನಿಮ್ಮಿಂದ ಏನು ಒಳ್ಳೆಯದಾಯಿತು ಅಂತಲೂ ನೋಡಿಕೊಳ್ಳಿ.

ಪ್ರಾರ್ಥನೆಗೂ ಇದು ತಾಗುತ್ತದೆ. ಕಾಣಿಕೆಯನ್ನು ಯಜ್ಞವೇದಿಯ ಹತ್ತಿರ ತಂದಾಗ, ನಿನ್ನ ಅಣ್ಣತಮ್ಮನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ಇದೆ ಅಂತ ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಹೋಗಿ ಮೊದಲು ರಾಜಿಯಾಗು ಅಂತ ಯೇಸು ಹೇಳಿದ (ಮತ್ತಾಯ 5). ಕೇಳುತ್ತಿದ್ದವರಲ್ಲಿ ಗಲಿಲಾಯದ ಜನ ಇದ್ದರು. ಯಜ್ಞವೇದಿ ಇದ್ದದ್ದು ಯೆರೂಸಲೇಮಿನಲ್ಲಿ. ನಡುವೆ ನೂರು ಕಿಲೋಮೀಟರಿಗೂ ಜಾಸ್ತಿ. ಚಿಕ್ಕಮಗಳೂರಿಂದ ಹಾಸನಕ್ಕೆ ಹೋಗಿ ತಿರುಗಿ ಬರುವಷ್ಟು ದೂರ, ಅದೂ ನಡೆದುಕೊಂಡು. ದೇವರು ಆ ಕಾಣಿಕೆಗಾಗಿ ಅಷ್ಟು ದಿನ ಕಾಯುತ್ತಾನೆ ಅನ್ನೋದು ನನಗೆ ತುಂಬಾ ದೊಡ್ಡ ವಿಷಯ. ಇನ್ನೊಂದು ಗಮನಿಸಿ: ನನಗೆ ಅವನ ಮೇಲೆ ಸಿಟ್ಟಿದ್ದರೆ ಅಂತ ಅಲ್ಲ, ಅವನಿಗೆ ನನ್ನ ಮೇಲೆ ದೂರಿದ್ದರೆ ಅಂತ. ನಮ್ಮ ಕಡೆ ಅಣ್ಣತಮ್ಮಂದಿರ ಪಾಲಿನ ಜಗಳ, ಬೇಲಿ ಜಗಳ, ಬಾಂದುಕಲ್ಲು ಎರಡಡಿ ಸರಿದ ಜಗಳ ಯಾವ ಊರಲ್ಲಿಲ್ಲ? ಹದಿನೈದು ವರ್ಷದಿಂದ ಮಾತಿಲ್ಲದ ಇಬ್ಬರು ಒಂದೇ ಸಭೆಯಲ್ಲಿ ಆಚೆ ಈಚೆ ಬೆಂಚಿನಲ್ಲಿ ಕೂತು ಅದೇ ಭಾಗ ಕೇಳುತ್ತಾರೆ. ಅವರಿಗೆ ಸರ್ವೆಯವರೂ ಬೇಕು, ನಿಜ. ಆದರೆ ಸರ್ವೆಗೆ ಅರ್ಜಿ ಹಾಕುವ ಮೊದಲು ಒಂದು ಸಲ ಅಣ್ಣನ ಮನೆ ಬಾಗಿಲು ತಟ್ಟಿ, 'ಬಾಂದುಕಲ್ಲು ಎಲ್ಲಿತ್ತು ಅಂತ ನೀನೇ ತೋರಿಸು' ಅನ್ನಬಹುದಲ್ಲ.

ಎಲ್ಲಿಂದ ಶುರು ಮಾಡಲಿ ಅಂತ ಕೇಳುವವರಿಗೆ ನಾನು ಹೇಳೋದು ಯಾಕೋಬನ ಪತ್ರಿಕೆ. ಬರೀ ಐದು ಅಧ್ಯಾಯ, ಒಂದೇ ಸಲಕ್ಕೆ ಕೂತು ಓದಬಹುದು. ಚಿನ್ನದ ಉಂಗುರ ಹಾಕಿಕೊಂಡು ಬಂದವನಿಗೆ ಮುಂದಿನ ಜಾಗ, ಹರಕು ಬಟ್ಟೆಯವನಿಗೆ ಕಾಲಡಿ ಜಾಗ ಕೊಡುವ ಸಭೆ ಅದರಲ್ಲಿದೆ. ನಾಲಿಗೆಯ ಬಗ್ಗೆ ಒಂದು ಅಧ್ಯಾಯವೇ ಇದೆ. ಕೊನೆಯ ಅಧ್ಯಾಯದಲ್ಲಿ, ಕೊಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿ ಕೂಗಿಕೊಳ್ಳುತ್ತದೆ, ಆ ಕೂಗು ದೇವರ ಕಿವಿಗೆ ಬಿದ್ದಿದೆ ಅಂತ ಬರೆದಿದೆ. ಅದನ್ನು ಕೊಯ್ಲಿನ ಸಮಯದಲ್ಲೇ ಓದಿ, ಡಿಸೆಂಬರ್ ಜನವರಿಯಲ್ಲಿ. ತೋಟ ಇಲ್ಲದವರು ಮನೆಕೆಲಸದಕ್ಕನಿಗೆ ಈ ತಿಂಗಳ ದುಡ್ಡು ಕೊಟ್ಟಾಯಿತಾ ಅಂತ ನೋಡಿಕೊಂಡು ಓದಿ.