ಹಳೆ ಮನೆ ಕೆಡವುವಾಗ ಮೊದಲು ಪರಸಿ, ಆಮೇಲೆ ಜೆಸಿಬಿ

ಕಲಬುರಗಿಯಲ್ಲಿ ಹಳೆ ಮನೆ ಕೆಡವಿದ ಕಸ ಕೆಲಸಕ್ಕೆ ಬಾರದಂತಾಗುವುದು ಹೊಸ ಬುನಾದಿ ಅಗೆಯುವ ದಿನ. ಇಟ್ಟಂಗಿ, ಗಾರೆಯ ರಾಶಿ ಜಾಗದಲ್ಲೇ ಬಿದ್ದಿರುತ್ತದೆ, ಅಗೆದ ಎರೆಮಣ್ಣನ್ನು ಅದರ ಮೇಲೆಯೇ ಸುರಿಯುತ್ತಾರೆ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅದು ಬೆರೆತ ಚೂರನ್ನು ಪ್ಲಿಂತ್‌ಗೆ, ಅಂದರೆ ಬುನಾದಿಯ ಮೇಲೆ ನೆಲಹಾಸಿನ ಕೆಳಗಿನ ಜಾಗಕ್ಕೆ, ತುಂಬಿದರೆ ನೆಲವೂ ಹಾಗೆಯೇ ಏಳುತ್ತದೆ, ಕೂರುತ್ತದೆ. ರಾಶಿ ಎತ್ತದೆ ಬುನಾದಿಗೆ ಗುದ್ದಲಿ ಹಾಕಬೇಡಿ.

ಜೆಸಿಬಿ ಬರುವ ಮೊದಲು ಬಿಚ್ಚಬೇಕಾದದ್ದು ಬಾಗಿಲು, ಕಿಟಕಿ, ವೈರು, ಪೈಪು. ಎಲ್ಲಕ್ಕಿಂತ ಮುಖ್ಯವಾಗಿ ನೆಲದ ಶಹಾಬಾದ್ ಪರಸಿ, ಅಂದರೆ ನೆಲಕ್ಕೆ ಹಾಸಿದ ಕಲ್ಲಿನ ಚಪ್ಪಡಿ. ಹೊಸ್ತಿಲ ಕಡೆಯ ಒಂದು ಕಲ್ಲನ್ನು ಒಡೆದರೂ ಚಿಂತೆಯಿಲ್ಲ, ಅಲ್ಲಿಂದ ಹಾರೆ ಹಾಕಲು ಜಾಗ ಸಿಗುತ್ತದೆ. ಹಾರೆಯನ್ನು ಕಲ್ಲಿನ ಅಡಿಗೆ ಮಲಗಿಸಿ ತೂರಿಸಿ, ಎರಡು ಕಡೆಯಿಂದ ಸ್ವಲ್ಪಸ್ವಲ್ಪವೇ ಮೀಟಬೇಕು. ಒಂದೇ ಮೂಲೆ ಹಿಡಿದು ಎತ್ತಿದರೆ ಕಲ್ಲು ಅಡ್ಡಕ್ಕೆ ಸೀಳುತ್ತದೆ. ಸುಣ್ಣದ ಗಾರೆಯಲ್ಲಿ ಕೂತ ಕಲ್ಲು ಸುಲಭವಾಗಿ ಏಳುತ್ತದೆ. ಸಿಮೆಂಟಿನಲ್ಲಿ ಕೂತದ್ದರಲ್ಲಿ ಸಾಕಷ್ಟು ಒಡೆಯುತ್ತವೆ. ತೆಗೆದದ್ದನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಮಲಗಿಸಿ ಪೇರಿಸಿದರೆ ಕೆಳಗಿನವು ಬಿರುಕು ಬಿಡುತ್ತವೆ. ಅಂಚು ಕತ್ತರಿಸಿಕೊಂಡರೆ ಅಂಗಳಕ್ಕೆ, ಮಾಳಿಗೆ ಮೆಟ್ಟಿಲಿಗೆ, ಅಡುಗೆಮನೆಯ ಕಪಾಟಿಗೆ ಹೊಸದರಷ್ಟೇ ಗಟ್ಟಿ.

ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್), ಜಿಪ್ಸಂ ಹಲಗೆ ಚೀಲದಲ್ಲಿ ಪ್ರತ್ಯೇಕವಾಗಿರಲಿ. ಅದರ ಸಲ್ಫೇಟ್ ತೇವ ಸಿಕ್ಕಾಗ ಸಿಮೆಂಟನ್ನು ಉಬ್ಬಿಸಿ ಒಡೆಯುತ್ತದೆ.

ಇನ್ನು ಲೆಕ್ಕ. ಹತ್ತಡಿ ಉದ್ದ, ಹತ್ತಡಿ ಎತ್ತರದ 9 ಇಂಚಿನ ಇಟ್ಟಂಗಿ ಗೋಡೆ 75 ಘನ ಅಡಿ, ತೂಕ ಸುಮಾರು 4 ಟನ್. ಕೆಡವಿದ ಮೇಲೆ ಸಡಿಲಾಗಿ ಒಂದು ಬ್ರಾಸ್, ಅಂದರೆ 100 ಘನ ಅಡಿ ದಾಟುತ್ತದೆ. ಐದು ಗೋಡೆಗೆ 20 ಟನ್ ಆಯಿತು. ದಿನಕ್ಕೆ 20 ಟನ್ ಮೀರಿದರೆ ಕಾಂಕ್ರೀಟ್, ಮಣ್ಣು, ಇಟ್ಟಂಗಿ-ಗಾರೆ, ಕಬ್ಬಿಣ-ಕಟ್ಟಿಗೆ-ಪ್ಲಾಸ್ಟಿಕ್ ಎಂದು ನಾಲ್ಕು ಪಾಲು ಮಾಡಬೇಕೆಂದು 2016ರ ಕೇಂದ್ರ ನಿಯಮಗಳೇ ಹೇಳಿದ್ದವು. ಒಂದೇ ದಿನ ಕೆಡವುವ ಸಾಧಾರಣ ಮನೆಯೂ ಆ ಮಟ್ಟ ಮುಟ್ಟುತ್ತದೆ.

ಇಟ್ಟಂಗಿ ಚೂರು ಪ್ಲಿಂತ್ ತುಂಬಲು ಚೆನ್ನ. ಮುಷ್ಟಿಗಿಂತ ದೊಡ್ಡ ತುಂಡು ಒಡೆಯಿರಿ, ಇಲ್ಲದಿದ್ದರೆ ನಡುವೆ ಪೊಳ್ಳು ಉಳಿದು ಮುಂದೆ ನೆಲ ಕುಸಿಯುತ್ತದೆ. ಗರಸು (ಕೆಂಪು ಕಲ್ಲುಮಣ್ಣು) ಬೆರೆಸಿ, ಆರು ಇಂಚಿಗೊಂದು ಪದರ ಹಾಕಿ, ನೀರು ಹೊಡೆದು, ದಮ್ಮಸ್ಸು ಮಾಡಿ.

ಸ್ಲ್ಯಾಬಿನ ಕಾಂಕ್ರೀಟನ್ನು ಸರಳು ಬಿಡಿಸಿ 40 ಮಿ.ಮೀ. ಖಡಿಯಾಗಿ (ಜಲ್ಲಿಯಾಗಿ) ಒಡೆದರೆ ನೆಲದಡಿಯ 1:4:8 (ಸಿಮೆಂಟ್, ಮರಳು, ಖಡಿ) ಕಾಂಕ್ರೀಟ್ ಬೆಡ್‌ಗೆ ನಡೆಯುತ್ತದೆ. ಖಡಿಯನ್ನು ರಾತ್ರಿಯಿಡೀ ನೆನೆಸಿರಬೇಕು, ಮೇಲಿನ ನೀರು ಬಸಿದ ಮೇಲೆ ಬಳಸಬೇಕು. ಖಡಿಗೆ ಅಂಟಿದ ಹಳೆ ಗಾರೆ ನೀರು ಹೀರುತ್ತದೆ. ನಮ್ಮ ಮೇ ತಿಂಗಳ ಬಿಸಿಲಲ್ಲಿ ಒಣ ಖಡಿ ಹಾಕಿದರೆ ಮಾಲು ತಟ್ಟುವ ಮೊದಲೇ ಬಿಗಿಯುತ್ತದೆ. ಖಡಿ-ಮರಳಿನ ಭಾರತೀಯ ಮಾನದಂಡ ಐಎಸ್ 383:2016, ಎಂ25 ದರ್ಜೆ ತನಕದ ಆರ್‌ಸಿಸಿಯಲ್ಲಿ (ಸರಳು ಹಾಕಿದ ಕಾಂಕ್ರೀಟಿನಲ್ಲಿ) ಮರುಬಳಕೆಯ ದಪ್ಪ ಖಡಿಯನ್ನು 20 ಪ್ರತಿಶತದವರೆಗೆ ಒಪ್ಪುತ್ತದೆ. ಆದರೆ ಅದು ಪರೀಕ್ಷೆಯಾದ ಖಡಿಗೆ. ಮನೆ ಮುಂದೆ ಸುತ್ತಿಗೆಯಿಂದ ಒಡೆದದ್ದನ್ನು ಕಾಲಂ, ಬೀಮು, ಸ್ಲ್ಯಾಬಿಗೆ ಒಂದು ಬುಟ್ಟಿಯೂ ಹಾಕಬೇಡಿ.