9.81 ಬಂತೆಂದು ಬೀಗಬೇಡಿ: ಮೊದಲ ಸೆಮಿಸ್ಟರಿನ ಫಿಸಿಕ್ಸ್ ಅಂಕಗಳ ಲೆಕ್ಕ

ಬಿ.ಎಸ್ಸಿ.ಗೆ ಫಿಸಿಕ್ಸ್ ತೆಗೆದುಕೊಂಡವರಿಗೆ ಸೀನಿಯರ್‌ಗಳಿಂದ ಬರುವ ಪಿತ್ರಾರ್ಜಿತ ಆಸ್ತಿ ಎರಡು: ಹಳೆಯ ಲ್ಯಾಬ್ ರೆಕಾರ್ಡ್, ಹಳೆಯ ಪ್ರಶ್ನೆಪತ್ರಿಕೆ. ಎರಡನ್ನೂ ಕಣ್ಣುಮುಚ್ಚಿ ನಂಬಬೇಡಿ. ರಾಜ್ಯದಲ್ಲಿ 2021-22ರಲ್ಲಿ ಎನ್‌ಇಪಿ, ಅಂದರೆ ರಾಷ್ಟ್ರೀಯ ಶಿಕ್ಷಣ ನೀತಿ ಬಂತು; 2024-25ಕ್ಕೆ ಅದನ್ನು ಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಮರಳಿದ್ದಾಯಿತು. ಹಾಗಾಗಿ ಎನ್‌ಇಪಿ ಬ್ಯಾಚಿನವರು ಹೇಳುವ ‘60 ಪರೀಕ್ಷೆಗೆ, 40 ಇಂಟರ್ನಲ್‌ಗೆ’ ಎಂಬ ಲೆಕ್ಕವನ್ನು ನಿಮ್ಮದೆಂದು ಹಿಡಿದು ಕೂರಬೇಡಿ. ಮಂಗಳೂರು ವಿಶ್ವವಿದ್ಯಾನಿಲಯದ ಕೆಳಗಿನ ಕಾಲೇಜಾದರೆ ವಿ.ವಿ.ಯ ಸಿಲೆಬಸ್, ಸ್ವಾಯತ್ತ ಕಾಲೇಜಾದರೆ ಅವರದೇ ಸಿಲೆಬಸ್ ತೆಗೆದು, ಅಂಕ ಹಂಚಿಕೆಯ ಪುಟವನ್ನು ಮೊದಲ ವಾರವೇ ಓದಿಬಿಡಿ.

ಗ್ರೇಡ್ ಲೆಕ್ಕ ಕಷ್ಟದ್ದಲ್ಲ. ಪ್ರತಿ ಪೇಪರಿನ ಗ್ರೇಡ್ ಪಾಯಿಂಟನ್ನು ಅದರ ಕ್ರೆಡಿಟ್‌ನಿಂದ ಗುಣಿಸಿ, ಎಲ್ಲ ಕೂಡಿಸಿ, ಒಟ್ಟು ಕ್ರೆಡಿಟ್‌ನಿಂದ ಭಾಗಿಸಿದರೆ ಎಸ್‌ಜಿಪಿಎ, ಅಂದರೆ ಆ ಸೆಮಿಸ್ಟರಿನ ಸರಾಸರಿ ಗ್ರೇಡ್ ಪಾಯಿಂಟ್. ಥಿಯರಿಗೆ 4, ಪ್ರಾಕ್ಟಿಕಲ್‌ಗೆ 2 ಕ್ರೆಡಿಟ್ ಎಂದುಕೊಳ್ಳಿ. ಥಿಯರಿಯಲ್ಲಿ 6, ಪ್ರಾಕ್ಟಿಕಲ್‌ನಲ್ಲಿ 9 ಪಾಯಿಂಟ್ ಬಂದರೆ (24+18)/6, ಅಂದರೆ 7. ಥಿಯರಿಯಲ್ಲಿ ಸುಮಾರಾಗಿ ಬರೆದವರನ್ನು ಮೇಲೆತ್ತುವುದು ಲ್ಯಾಬೇ. ಆದರೂ ಹೆಚ್ಚಿನವರು ಸಸಾರ ಮಾಡುವುದು ಅದನ್ನೇ.

ಹಾಜರಿ ಶೇ. 75 ಬೇಕು. 60 ತರಗತಿಗಳಾದರೆ 15ಕ್ಕಿಂತ ಹೆಚ್ಚು ತಪ್ಪುವಂತಿಲ್ಲ. ನಮ್ಮ ಕಡೆ ಮೊದಲ ಸೆಮಿಸ್ಟರ್ ಶುರುವಾಗುವುದೇ ಮಳೆಗಾಲದಲ್ಲಿ. ರೆಡ್ ಅಲರ್ಟ್ ಬಂದು ಜಿಲ್ಲಾಧಿಕಾರಿ ರಜೆ ಕೊಟ್ಟರೆ ಥಿಯರಿಗೆ ಒಂದು ಗಂಟೆ ಹೋಗುತ್ತದೆ. ಆದರೆ ನಿಮ್ಮ ಲ್ಯಾಬ್ ಬ್ಯಾಚ್ ವಾರಕ್ಕೆ ಒಂದೇ ದಿನವಾದರೆ ಇಡೀ ಪ್ರಯೋಗವೇ ಹೋಯಿತು. ಅದನ್ನು ಬೇರೆ ಬ್ಯಾಚಿನ ಜೊತೆ ಮಾಡಲು ಆ ವಾರವೇ ಕೇಳಿಕೊಳ್ಳಿ. ಕೊನೆಗೆ ರೆಕಾರ್ಡ್‌ಗೆ ಸಹಿ ಬೀಳುವ ಹೊತ್ತಿಗೆ ಎಲ್ಲರೂ ಒಂದೇ ಮೇಜಿನ ಸುತ್ತ ನಿಂತಿರುತ್ತಾರೆ.

ಇನ್ನು ಸರಳ ಲೋಲಕ: ದಾರಕ್ಕೆ ಗುಂಡು ಕಟ್ಟಿ ತೂಗಿಸಿ, ಆಂದೋಲನದ ಅವಧಿಯಿಂದ ಗುರುತ್ವ ವೇಗೋತ್ಕರ್ಷ ಕಂಡುಹಿಡಿಯುವುದು. ‘ಇದನ್ನು ಪಿಯುಸಿಯಲ್ಲೇ ಮಾಡಿದ್ದೇವೆ’ ಎಂದು ಎಲ್ಲರೂ ಹಗುರವಾಗಿ ತೆಗೆದುಕೊಳ್ಳುವ, ಎಲ್ಲರೂ ಎಡವುವ ಪ್ರಯೋಗ. ಸಮುದ್ರಮಟ್ಟದಲ್ಲಿ ಮಂಗಳೂರಿನ ಅಕ್ಷಾಂಶಕ್ಕೆ, ಅಂದರೆ ಸುಮಾರು 12.9 ಡಿಗ್ರಿಗೆ, ಗುರುತ್ವ ವೇಗೋತ್ಕರ್ಷ ಸುಮಾರು 9.783 ಮೀ/ಸೆ². ಪುಸ್ತಕದ 9.81 ನಮ್ಮೂರಿನದ್ದಲ್ಲ, ಸಮಭಾಜಕದ ಹತ್ತಿರ ಬಂದಷ್ಟೂ ಅದು ಕಡಿಮೆ. ಹಾಗಿರುವಾಗ ಇಡೀ ಬ್ಯಾಚಿಗೆ 9.81 ಬಂದರೆ ಹೊರಗಿನಿಂದ ಬರುವ ಪರೀಕ್ಷಕರಾದ ಎಕ್ಸ್‌ಟರ್ನಲ್‌ಗೆ ಅರ್ಥವಾಗದೇ ಇರುತ್ತದೆಯೇ?

ಉತ್ತರ ತಪ್ಪಿದಾಗ ಆ ಸಂಖ್ಯೆಯೇ ಕಾರಣವನ್ನೂ ಹೇಳುತ್ತದೆ. 100 ಸೆಂ.ಮೀ. ಉದ್ದಕ್ಕೆ 20 ಆಂದೋಲನಕ್ಕೆ ಇಲ್ಲಿ ಸುಮಾರು 40.2 ಸೆಕೆಂಡ್ ಬೇಕು. ಸ್ಟಾಪ್‌ವಾಚ್ ಒತ್ತುವಾಗ ‘ಸೊನ್ನೆ’ ಎನ್ನದೆ ‘ಒಂದು’ ಎಂದು ಎಣಿಸಿದರೆ ಆಗುವುದು 19 ಆಂದೋಲನ. ಆಗ ಸಿಗುವುದು 10.8. ಈ ಸಂಖ್ಯೆ ಕಂಡರೆ ದಾರ, ಗುಂಡು ಯಾವುದನ್ನೂ ಮುಟ್ಟಬೇಡಿ, ಎಣಿಕೆ ಸರಿ ಮಾಡಿ. 9.69ರ ಆಸುಪಾಸು ಬಂದರೆ ಗುಂಡಿನ ತ್ರಿಜ್ಯ ಸೇರಿಸಿಲ್ಲ: 2 ಸೆಂ.ಮೀ. ವ್ಯಾಸದ ಗುಂಡಾದರೆ ಉದ್ದ 1 ಸೆಂ.ಮೀ. ಕಡಿಮೆ ಹಿಡಿದಂತೆ. 9.63ರ ಹತ್ತಿರ ಬಂದರೆ ತುಂಬ ದೂರಕ್ಕೆ ಎಳೆದು ಬಿಟ್ಟಿದ್ದೀರಿ; 20 ಡಿಗ್ರಿ ಎಳೆದರೆ ಅವಧಿ ಶೇ. 0.8ರಷ್ಟು ಹೆಚ್ಚುತ್ತದೆ. 5 ಡಿಗ್ರಿ ಒಳಗೇ ಇರಲಿ. ಸೆಕೆ ಎಂದು ತಲೆಮೇಲೆ ಫ್ಯಾನ್ ಹಾಕಿಕೊಂಡರೆ ಗುಂಡು ನೇರ ಆಡದೆ ಮೊಟ್ಟೆಯಾಕಾರದಲ್ಲಿ ಸುತ್ತತೊಡಗುತ್ತದೆ. ರೀಡಿಂಗ್ ತೆಗೆಯುವಷ್ಟು ಹೊತ್ತು ಬೆವರಿದರೂ ಅಡ್ಡಿಯಿಲ್ಲ.

ಒಂದೇ ಉದ್ದದಲ್ಲಿ ನಿಲ್ಲಿಸಬೇಡಿ. 50ರಿಂದ 100ರವರೆಗೆ ಹತ್ತು ಹತ್ತು ಸೆಂ.ಮೀ. ಹೆಚ್ಚಿಸುತ್ತ ಆರು ರೀಡಿಂಗ್ ತೆಗೆದು, ಉದ್ದಕ್ಕೆ ಎದುರಾಗಿ ಅವಧಿಯ ವರ್ಗದ ಗ್ರಾಫ್ ಹಾಕಿ. ತ್ರಿಜ್ಯ ಮರೆತಿದ್ದರೂ ಇಳಿಜಾರು ಬದಲಾಗುವುದಿಲ್ಲ, ಗೆರೆ ಮೂಲಬಿಂದುವನ್ನು ತಪ್ಪಿಸಿ ಹೋಗುತ್ತದೆ ಅಷ್ಟೆ. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ‘ನಿಮ್ಮ ಗೆರೆ ಯಾಕೆ ಸೊನ್ನೆಗೆ ಬರುವುದಿಲ್ಲ?’ ಎಂದು ಕೇಳುವುದು ಇದನ್ನೇ. ಇಳಿಜಾರಿಗೆ ಗೆರೆಯ ಮೇಲಿನ ದೂರದ ಎರಡು ಬಿಂದು ಹಿಡಿಯಿರಿ, ಟೇಬಲ್ಲಿನ ರೀಡಿಂಗ್‌ಗಳನ್ನಲ್ಲ.

ಪಟ್ಟಿಗೆ ತೂಕ ಹಾಕಿ ಬಗ್ಗಿಸಿ ಅದರ ಬಿಗಿತ ಅಳೆಯುವ ಯಂಗ್ಸ್ ಮಾಡ್ಯುಲಸ್‌ನ ಬೆಂಡಿಂಗ್ ಪ್ರಯೋಗದಲ್ಲಿ ಕೈಕೊಡುವುದು ಪಟ್ಟಿಯ ದಪ್ಪ. ಸೂತ್ರದಲ್ಲಿ ಅದರ ಘನವಿದೆ. 5 ಮಿ.ಮೀ. ದಪ್ಪದಲ್ಲಿ 0.1 ಮಿ.ಮೀ. ತಪ್ಪಿದರೆ ಶೇ. 2, ಉತ್ತರದಲ್ಲಿ ಶೇ. 6. ಸ್ಕ್ರೂಗೇಜ್‌ನ ಸೊನ್ನೆ ದೋಷ (ಏನೂ ಇಲ್ಲದೆ ಮುಚ್ಚಿದಾಗಲೂ ಅದು ಸೊನ್ನೆ ತೋರಿಸದಿರುವುದು) ನೋಡದೆ ತಿರುಗಿಸಲೇಬೇಡಿ.

ಅಬ್ಸರ್ವೇಶನ್ ಬುಕ್ಕಿನಲ್ಲಿ ಪೆನ್ಸಿಲ್, ರಬ್ಬರ್ ಬೇಡ. ತಪ್ಪಾದ ರೀಡಿಂಗ್‌ಗೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದು ಬರೆಯಿರಿ. ಫಲಿತಾಂಶಕ್ಕೆ ಯೂನಿಟ್ ಹಾಕಿ; ಮೀಟರ್ ಸ್ಕೇಲಿನಲ್ಲಿ ಅಳೆದು 9.78264 ಎಂದು ಬರೆಯುವುದಕ್ಕಿಂತ 9.78 ಸಾಕು. 9.72 ಬಂದರೆ 9.72 ಎಂದೇ ಬರೆಯಿರಿ, ಶೇಕಡಾವಾರು ದೋಷ ಕೊಟ್ಟು ಕಾರಣವನ್ನೂ ಹೇಳಿ. ತಿದ್ದಿದ 9.81ಕ್ಕಿಂತ ವೈವಾದಲ್ಲಿ ಅದನ್ನು ಸಮರ್ಥಿಸುವುದು ಸುಲಭ ಮಾರಾಯ್ರೆ.